ವಕೀಲಿಯ ಹೊಸ್ತಿಲಲ್ಲಿ

ವಿದ್ಯೆಯು ನಾಲ್ಕು ಕಾಲಗಳಲ್ಲಿ ಸಾರ್ಥಕವಾಗುವುದೆಂದು ಪತಂಜಲಿಮುನಿಗಳು ಮಹಾಭಾಷ್ಯದ ಆರಂಭದಲ್ಲಿಯೇ ಹೇಳಿರುವರು. ಗುರುಮುಖದಿಂದ ಗ್ರಹಿಸುವುದು ಮೊದಲನೆಯ ಕಾಲ. ತಾನೇ ಅಭ್ಯಾಸಮಾಡುವುದು ಎರಡನೆಯದು. ಪರರಿಗೆ ಬೋಧಿಸುವುದು ಮೂರನೆಯದು. ಲೋಕದಲ್ಲಿ ಪ್ರಯೋಗಿಸುವ ವ್ಯವಹಾರಕಾಲವು ನಾಲ್ಕನೆಯದು. ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ ಮೊದಲನೆಯ ಕಾಲವನ್ನು ದಾಟುವುದೇ ದುಸ್ತರವೆಂದು ನಾವೆಲ್ಲರೂ ಭಾವಿಸಿದ್ದೆವು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿ ವಿಶ್ರಾಂತನಾಗಿರುವ ಈಗ, ನಿಜವಾಗಿ ಕಠಿನವಾದುದು ನಾಲ್ಕನೆಯದೇ ಎಂದು ನನಗೆ ತೋರುತ್ತದೆ. ಧರ್ಮಶಾಸ್ತ್ರದಲ್ಲಿ ನ್ಯಾಯಸ್ಥಾನದ ಕಲಾಪಕ್ಕೂ ‘ವ್ಯವಹಾರ’ವೆಂದೇ ಹೆಸರು. ಆದುದರಿಂದ ಕಾನೂನನ್ನು ಓದಿ ಮುಗಿಸಿದವರಿಗೆ ಆ ಮಾತು ಎರಡು ಅರ್ಥಗಳಲ್ಲಿಯೂ ಸಲ್ಲುವುದು.

ನನ್ನ ಬಳಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಓದಿದ, ಬದನಗುಪ್ಪೆಯ ಕಡೆಯ ಒಕ್ಕಲು ಮನೆತನದ ಹುಡುಗಿಯೊಬ್ಬಳು ಈಚೆಗೆ ಮೂರು ವರ್ಷದ ಕಾನೂನು ಪದವಿಯನ್ನು ಮುಗಿಸಿದಳು. ಚಾಮರಾಜನಗರದಿಂದ ಬರುವ ರೈಲನ್ನು ನಮ್ಮ ನಿಲ್ದಾಣದಲ್ಲಿ ಹತ್ತಿ, ಕವಲಂದೆ ನಂಜನಗೂಡುಗಳನ್ನು ದಾಟಿ ಮೈಸೂರಿಗೆ ಹೋಗಿ, ಸಂಜೆ ಹಿಂದಿರುಗಿ ಓದಿದವಳು. ಅವಳ ತಂದೆ ಫಲಿತಾಂಶದ ದಿನ ಬೆಲ್ಲದಚ್ಚನ್ನು ತಂದುಕೊಟ್ಟು ಜಗಲಿಯ ಮೇಲೆ ಕುಳಿತು ಕೇಳಿದನು: “ಓದದೇನೋ ಓದ್ಬುಟ್ಳು ಮೇಷ್ಟ್ರೆ, ಸಂಬ್ಳ ಯಾವಾಗ ಬಂದದು?” ಈ ಪ್ರಶ್ನೆಯನ್ನು ಹಾಸ್ಯವೆಂದೆಣಿಸಿ ತಳ್ಳಿಹಾಕಲಾಗದು. ಕಾನೂನು ಓದಿದ ಮಕ್ಕಳಿರುವ ಎಲ್ಲ ಮನೆಗಳಲ್ಲಿಯೂ, ಬಾಯಿಬಿಟ್ಟೋ ಬಿಡದೆಯೋ, ಇದೇ ಪ್ರಶ್ನೆಯು ಸುಳಿದಾಡುತ್ತಿರುವುದು.

ಪದವಿಯ ಪತ್ರ ಕೈಗೆ ಬಂದ ಮಾತ್ರಕ್ಕೆ ಯಾರೂ ವಕೀಲರಾಗುವುದಿಲ್ಲ. 1961ರ ವಕೀಲರ ಅಧಿನಿಯಮದಂತೆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರನ್ನು ದಾಖಲು ಮಾಡಿಸಬೇಕು. ಇದಕ್ಕೆ ಪರಿಷತ್ತುಗಳು ಬೇರೆಬೇರೆ ಹೆಸರುಗಳಲ್ಲಿ ಸಹಸ್ರಾರು ರೂಪಾಯಿಗಳನ್ನು ಪಡೆಯುತ್ತಿದ್ದ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 30ರಂದು ನಿಲ್ಲಿಸಿ, ಅಧಿನಿಯಮದಲ್ಲಿರುವಂತೆ ಸಾಮಾನ್ಯರಿಂದ 750 ರೂಪಾಯಿಗಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಳಿಗೂ ಮೀರಿ ದಾಖಲಾತಿ ಶುಲ್ಕವನ್ನು ತೆಗೆದುಕೊಳ್ಳಕೂಡದೆಂದು ವಿಧಿಸಿತು. ಬಡವರ ಮಕ್ಕಳಿಗೆ ಇದರಿಂದಾದ ಉಪಕಾರ ಅಲ್ಪವಲ್ಲ. ದಾಖಲಾತಿಯ ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆಯೊಂದುಂಟು. ಅದರಲ್ಲಿ ಟಿಪ್ಪಣಿಯಿಲ್ಲದ ಮೂಲಪಾಠದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡೇ ಬರೆಯಬಹುದಂತೆ! ಅಮರಕೋಶವನ್ನು ಕಂಠಪಾಠ ಮಾಡದಿದ್ದರೆ ಊಟದ ಪಂಕ್ತಿಯಲ್ಲಿಯೂ ತಲೆಯೆತ್ತಲಾರದಿದ್ದ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಾಣುವುದು. ಆದರೆ ಗ್ರಂಥವು ಕೈಯಲ್ಲಿದ್ದರೂ ಎಲ್ಲಿ ಹುಡುಕಬೇಕೆಂಬುದನ್ನು ಬುದ್ಧಿಯೇ ತಿಳಿಸಬೇಕಷ್ಟೆ.

ನ್ಯಾಯಾಧೀಶರಾಗಬೇಕೆಂಬ ಆಸೆ ನನ್ನ ಶಿಷ್ಯೆಗೂ ಇದ್ದಿತು. 2025ರ ಮೇ 20ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಿರಿಯ ಸಿವಿಲ್ ನ್ಯಾಯಾಧೀಶರ ಹುದ್ದೆಯನ್ನು ಬಯಸುವವರು ಕನಿಷ್ಠಪಕ್ಷ ಮೂರು ವರ್ಷ ವಕೀಲವೃತ್ತಿಯಲ್ಲಿ ಇದ್ದಿರಬೇಕೆಂಬ ಹಳೆಯ ನಿಯಮವನ್ನು ಪುನಃ ಸ್ಥಾಪಿಸಿತು. ತೀರ್ಪನ್ನು ಓದಿ ಅವಳು ಖಿನ್ನಳಾದಳು. ನನಗಾದರೋ ಅದು ಯುಕ್ತವಾಗಿಯೇ ಕಂಡಿತು. ಕಟಕಟೆಯ ಈಚೆ ನಿಂತವನ ಸಂಕಟವನ್ನು ಕಾಣದವನು ಪೀಠದ ಮೇಲೆ ಕುಳಿತು ಏನನ್ನು ಅಳೆದಾನು? ಆದರೆ ಆ ಮೂರು ವರ್ಷ ಅನ್ನಕ್ಕೆ ದಾರಿಯೇನೆಂಬುದು ತೀರ್ಪಿನಿಂದ ಬಗೆಹರಿಯುವ ವಿಷಯವಲ್ಲ. ಹಿರಿಯ ವಕೀಲರ ಕಚೇರಿಯನ್ನು ಸೇರಿದ ಕಿರಿಯರು ಕಡತಗಳನ್ನು ಹೊತ್ತು, ವಾಯಿದೆಗಳನ್ನು ಬರೆದುಕೊಂಡು, ಬಸ್ಸಿನ ಖರ್ಚಿಗಾಗುವಷ್ಟನ್ನು ಪಡೆದು ದಿನ ನೂಕುವುದು ನಮ್ಮ ಕಡೆ ಸಾಮಾನ್ಯವಾಗಿದೆ.

ಅವಳ ಮತ್ತೊಂದು ಚಿಂತೆಯು ವಿದ್ಯೆಗೇ ಸಂಬಂಧಿಸಿದುದು. 1860ರ ದಂಡಸಂಹಿತೆಯನ್ನು ಅವಳು ಪರಿಶ್ರಮಪಟ್ಟು ಅಭ್ಯಾಸ ಮಾಡಿದ್ದಳು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನ್ಯಾಯಸಂಹಿತೆಯು ಬಂದಿತು; ಕೊಲೆಯ ಶಿಕ್ಷೆಯನ್ನು ಹೇಳುವ 302ನೆಯ ಕಲಮು 103 ಆಯಿತು; ವಂಚನೆಗೆ ಪರ್ಯಾಯಪದವೇ ಆಗಿಹೋಗಿದ್ದ 420 ಎಂಬುದು 318ರಲ್ಲಿ ಅಡಗಿತು. “ಕಲಿತದ್ದೆಲ್ಲ ಹಳೇದಾಯ್ತು ಮೇಷ್ಟ್ರೇ” ಎಂದು ಅವಳು ಕೊರಗಿದಳು. “ಅಂಕಿ ಹೋದರೆ ಹೋಗಲವ್ವ, ಅರ್ಥ ಎಲ್ಲಿಗೆ ಹೋದೀತು?” ಎಂದೆನು. ಯಾಜ್ಞವಲ್ಕ್ಯಸ್ಮೃತಿಯು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳುತ್ತದೆ: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣವನ್ನೊಡ್ಡುವ ಕ್ರಿಯೆ, ಸಾಧ್ಯಸಿದ್ಧಿಯೆಂಬ ನಿರ್ಣಯ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನೂ ಹೇಳುತ್ತದೆ. ಇಂದಿನ ದಾವೆಯಲ್ಲಿ ಕಾಗದಪತ್ರ, ಸ್ವಾಧೀನ, ಸಾಕ್ಷಿದಾರ ಎಂದು ವಕೀಲರು ಹುಡುಕುವುದು ಇವನ್ನೇ ಅಲ್ಲವೆ? ಹೆಸರುಗಳೂ ಸಂಖ್ಯೆಗಳೂ ಬದಲಾದರೂ ನಿರ್ಣಯಕ್ಕೆ ಬೇಕಾದ ಅಂಗಗಳು ಬಹುಕಾಲ ಬಾಳುವುವು.

ಇಷ್ಟರಲ್ಲಿಯೇ ಅವಳಿಗೆ ವ್ಯವಹಾರಕಾಲವು ಪ್ರಾಪ್ತವಾಯಿತು, ಅದೂ ತನ್ನ ಮನೆಯಲ್ಲಿಯೇ. ಅವಳ ತಂದೆಯ ಅಕ್ಕ, ಬಹು ಹಿಂದೆಯೇ ಮದುವೆಯಾಗಿ ಗುಂಡ್ಲುಪೇಟೆಯ ಕಡೆಗೆ ಹೋದವಳು, ಈಗ ವಿಧವೆ. ಸೊಸೆಯಂದಿರ ಕೈಗೆ ನೋಡಬೇಕಾಗಿ ಬಂದ ಆ ಮುದುಕಿಯು ಒಂದು ಭಾನುವಾರ ಬಂದು, ಅಣ್ಣತಮ್ಮಂದಿರಾರೂ ಇಲ್ಲದ ಹೊತ್ತಿನಲ್ಲಿ, “ಲಾಯ್ರಿ ಓದೀಯಲ್ಲ ಮಗಾ, ಅಪ್ಪನ ಹೊಲ್ದಲ್ಲಿ ನಂಗೂ ಪಾಲು ಬಂದದಾ?” ಎಂದು ಕೇಳಿದಳು. ಜಮೀನಿನ ಪಹಣಿಯು ಇನ್ನೂ ಅಜ್ಜನ ಹೆಸರಿನಲ್ಲಿಯೇ ಇದೆ, ವಿಭಾಗವಾಗಿಲ್ಲ. ಬದನಗುಪ್ಪೆ ಮತ್ತು ಕೆಲ್ಲಂಬಳ್ಳಿಗಳ ಕೈಗಾರಿಕಾ ಪ್ರದೇಶವು ಬಂದ ತರುವಾಯ ಸುತ್ತಲಿನ ನೆಲಕ್ಕೆ ಬೆಲೆಯೇರಿ, ಕೇಳದಿದ್ದವರೂ ಪಾಲು ಕೇಳುವಂತಾಗಿರುವುದು.

ಈ ಪ್ರಶ್ನೆಯ ಬೇರು ನಮ್ಮ ನಾಡಿನಲ್ಲಿಯೇ ಇದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದು, ಪಿತ್ರಾರ್ಜಿತದಲ್ಲಿ ಮಗನ ಸ್ವತ್ವವು ಜನ್ಮದಿಂದಲೇ ಬರುವುದೆಂದು ಸಾಧಿಸಿದನು. ವಂಗದೇಶವು ಬಿಟ್ಟರೆ ಭರತಖಂಡದ ಬಹುಭಾಗವು ಅದನ್ನೇ ಅನುಸರಿಸಿತು. ಆ ಜನ್ಮಸ್ವತ್ವವು ಮಗಳಿಗೂ ಸಲ್ಲಬೇಕೆಂದು ಕರ್ನಾಟಕವು 1994ರಲ್ಲಿ ವಿಧಿಸಿದರೂ, ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರದಿದ್ದರೂ ಮಗಳ ಹಕ್ಕಿಗೆ ಲೋಪವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು. ಇವೆಲ್ಲವನ್ನೂ ನನ್ನ ಶಿಷ್ಯೆಯೇ ನನಗೆ ವಿವರಿಸಿದಳು. ವಿವರಿಸಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪ ಹೊಲದ ಮೇಲೆ ಸಾಲ ಮಾಡಿ ನನ್ನ ಓದಿಸಿದ್ದು ಮೇಷ್ಟ್ರೇ. ಅತ್ತೆಗೆ ಏನು ಹೇಳಲಿ?” ಎಂದಳು.

ನಾನು ಉಪದೇಶವನ್ನು ಮಾಡಲಿಲ್ಲ. ಗೊತ್ತಿಲ್ಲದ ಹೆಂಗಸೊಬ್ಬಳು ಬಂದು ಇದನ್ನೇ ಕೇಳಿದ್ದರೆ ಏನು ಹೇಳುತ್ತಿದ್ದೆಯೆಂದು ಮಾತ್ರ ಕೇಳಿದೆನು. ಅವಳು ಎದ್ದುಹೋದಳು. ಆ ರಾತ್ರಿಯೇ ತಂದೆಯನ್ನೂ ಅತ್ತೆಯನ್ನೂ ಒಟ್ಟಿಗೆ ಕೂರಿಸಿ, ಅತ್ತೆಗೆ ಪಾಲುಂಟೆಂದು ಇಬ್ಬರ ಮುಂದೆಯೂ ಒಂದೇ ಮಾತನ್ನು ಹೇಳಿದಳಂತೆ. ತಾನು ಇಬ್ಬರಲ್ಲಿ ಯಾರ ವಕಾಲತ್ತನ್ನೂ ವಹಿಸತಕ್ಕವಳಲ್ಲವೆಂದೂ ಸೇರಿಸಿದಳಂತೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ, ವರಮಾನವೆಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನಿನ ನೆರವು ಉಚಿತ. ಲೋಕ ಅದಾಲತ್ತಿನಲ್ಲಿ ಒಪ್ಪಿ ಬರೆದುಕೊಂಡ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವುಂಟು. ಆ ದಾರಿಯನ್ನು ತೋರಿಸಿ ಸುಮ್ಮನಾದಳು. ತಂದೆಯು ಎಂಟು ದಿನ ಅವಳೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಉಣ್ಣುವಾಗ, “ಅಕ್ಕುನ್ ಪಾಲ್ ಕಳ್ದ್ರೆ ನಂಗೆಷ್ಟು ಉಳ್ದದು?” ಎಂದು ಕೇಳಿದನಂತೆ. ಪಾಲು ಇನ್ನೂ ಆಗಿಲ್ಲ. ಸರ್ವೆಯಾಗಬೇಕು, ಸಾಲದ ಲೆಕ್ಕವಾಗಬೇಕು, ಕಿರಿಯ ತಮ್ಮನು ಒಪ್ಪಬೇಕು. ಆದರೆ ಅಕ್ಕತಮ್ಮಂದಿರು ಮಾತು ಬಿಟ್ಟಿಲ್ಲ.

ಈಗ ಅವಳು ಬೆಂಗಳೂರಿನ ಕಂಪೆನಿಯೊಂದರ ಕೆಲಸದ ಯೋಚನೆಯನ್ನು ಬಿಟ್ಟು, ಚಾಮರಾಜನಗರದಲ್ಲಿ ಹಿರಿಯ ವಕೀಲರೊಬ್ಬರ ಕಚೇರಿಯನ್ನು ಸೇರಿರುವಳು. ಸಾಯಂಕಾಲ ನಾಲ್ಕು ಮಕ್ಕಳಿಗೆ ಮನೆಪಾಠ ಹೇಳಿ ಖರ್ಚನ್ನು ತೂಗಿಸುವಳು. ಕಂಪೆನಿಯ ಕೆಲಸವು ಹೀನವೆಂದು ನಾನು ಹೇಳುವವನಲ್ಲ. ಸಂಬಳವು ಅವಶ್ಯವಾದ ಮನೆಗಳು ಬಹಳ. ಆದರೆ ಜಿಲ್ಲೆಯ ನ್ಯಾಯಾಲಯದ ಹೊರಗೆ, ಚೀಲದಲ್ಲಿ ಹಳೆಯ ಪಹಣಿಯನ್ನಿಟ್ಟುಕೊಂಡು ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತಿರುವ ರೈತರಿಗೂ, ಅರಣ್ಯದ ಹಕ್ಕಿನ ಕಾಗದವನ್ನು ಹಿಡಿದು ಬೆಟ್ಟದಿಂದಿಳಿದು ಬರುವ ಸೋಲಿಗರಿಗೂ, ಅವರ ಮಾತಿನಲ್ಲಿಯೇ ಉತ್ತರ ಕೊಡಬಲ್ಲವರು ಬೇಕು. 1923ರ ಅಧಿನಿಯಮವು ಬರುವವರೆಗೆ ಬ್ರಿಟಿಷ್ ಇಂಡಿಯಾದಲ್ಲಿ ಹೆಂಗಸರು ವಕೀಲರಾಗಲು ತಡೆಯಿದ್ದಿತೆಂಬುದನ್ನು ನೆನೆದರೆ, ಅಂಥ ಉತ್ತರವು ಒಕ್ಕಲು ಮನೆಯ ಹೆಣ್ಣುಮಗಳ ಬಾಯಿಂದ ಬರುವುದು ಸಣ್ಣ ಸಂಗತಿಯಲ್ಲ.

ಕಾನೂನು ಓದಿದ ಮಕ್ಕಳುಳ್ಳ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಪದವಿ ಬಂದ ದಿನದಿಂದ ಸಂಬಳದ ದಿನವನ್ನು ಎಣಿಸತೊಡಗಬೇಡಿರಿ. ಓದಿಸಿದಷ್ಟು ವರ್ಷ ಇನ್ನೊಮ್ಮೆ ಸೈರಿಸಿರಿ. ಅದನ್ನೂ ವಿದ್ಯಾಶುಲ್ಕವೆಂದೇ ತಿಳಿಯಿರಿ. ಮಕ್ಕಳು ಮೊದಲನೆಯ ಸಲ ನಿಮಗೆ ಅಪ್ರಿಯವಾದ ನ್ಯಾಯವನ್ನು ಹೇಳಿದ ದಿನ ಕೋಪಿಸಿಕೊಳ್ಳದಿರಿ. ಓದಿಸಿದ ಹಣವು ಹಿಂದಿರುಗಿ ಬಂದ ದಿನವು ಅದೇ.