ಒಂದೇ ಹೆಸರು, ಎರಡು ಒಲೆ

ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆರು ವರ್ಷ ಇದ್ದೆ. ನನ್ನ ತಮ್ಮ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ನಮ್ಮಿಬ್ಬರ ಮಾತಿನ ನಡುವೆ 'ಬಾರ್ಬೆಕ್ಯೂ' ಎಂಬ ಪದ ಬಂದರೆ ಸಾಕು, ಜಗಳ ಶುರು. "ನಿಮ್ಮದು ಬಾರ್ಬೆಕ್ಯೂ ಅಲ್ಲಕ್ಕಾ, ಬರೀ ಸುಡುವುದು" ಎನ್ನುತ್ತಾನೆ ಅವನು.

ಅವನ ಮಾತಿನಲ್ಲೂ ನಿಜವಿದೆ. ಬ್ರಿಟನ್ನಿನಲ್ಲಿ ಹಿತ್ತಲಲ್ಲಿ ಇದ್ದಿಲು ಹೊತ್ತಿಸಿ ಸಾಸೇಜ್, ಬರ್ಗರ್, ಕೋಳಿಯ ಕಾಲು ಸುಟ್ಟು ತಿನ್ನುವ ಕೂಟವೆಲ್ಲ ಬಾರ್ಬೆಕ್ಯೂವೇ. ಅಲ್ಲಿ ಬಿಸಿಲೆಂದರೆ ಅಪರೂಪದ ಅತಿಥಿ. ಅದು ಬಂದ ದಿನ ಜನ ಒಂದೇ ಸಲ ಬಳಸಿ ಎಸೆಯುವ ತಗಡಿನ ತಟ್ಟೆಯಲ್ಲಾದರೂ ಬೆಂಕಿ ಹಾಕುತ್ತಾರೆ. ನಡುವೆ ಮಳೆ ಹನಿದರೆ ಒಬ್ಬರು ಕೊಡೆ ಹಿಡಿಯುತ್ತಾರೆ, ಇನ್ನೊಬ್ಬರು ಸುಡುತ್ತಲೇ ಇರುತ್ತಾರೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದನ್ನು 'ಗ್ರಿಲ್' ಮಾಡುವುದು ಎನ್ನುತ್ತಾರೆ, ಆ ಕೂಟ 'ಕುಕ್‌ಔಟ್'. ಅವರ ಬಾರ್ಬೆಕ್ಯೂಗೆ ತಾಳ್ಮೆ ಬೇಕು. ಮುಚ್ಚಿದ ಒಲೆಯಲ್ಲಿ, ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸೌದೆಯ ಹೊಗೆಯಲ್ಲಿ ಮಾಂಸ ಗಂಟೆಗಟ್ಟಲೆ ಬೇಯಬೇಕು. ಟೆಕ್ಸಾಸ್‌ನಲ್ಲಿ ಅದು ದನದ ಎದೆಭಾಗ, 'ಬ್ರಿಸ್ಕೆಟ್'. ಹತ್ತು ಹನ್ನೆರಡು ಗಂಟೆಯಲ್ಲಿ ಅದರ ಗಟ್ಟಿ ನಾರು ಕರಗಿ ಬೆಣ್ಣೆಯಂತಾಗುತ್ತದೆ. ಕರೋಲಿನಾಗಳಲ್ಲಿ ಹಂದಿಯೇ ಮುಖ್ಯ. ಕೆಂಟಕಿಯ ಓವೆನ್ಸ್‌ಬರೊ ಎಂಬ ಊರು ಕುರಿಮಾಂಸಕ್ಕೆ ಹೆಸರುವಾಸಿ.

ಹಲಾಲ್ ನೋಡಿ ತಿನ್ನುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬ್ರಿಟನ್ನಿನ ಸಾಸೇಜ್ ಹೆಚ್ಚಾಗಿ ಹಂದಿಯದ್ದು. ಆದರೆ ಅತಿಥಿಗಳು ತಮ್ಮ ಪಾಲಿನದನ್ನು ಕೈಯಲ್ಲಿ ಹಿಡಿದೇ ಹೋಗುವ ರೂಢಿ ಅಲ್ಲಿದೆ. ನಾವು ನಮ್ಮ ಕೋಳಿ ಒಯ್ಯುತ್ತಿದ್ದೆವು. ಪಕ್ಕದ ಮನೆಯ ಅಜ್ಜಿ ನಮಗಾಗಿ ಬೇರೆ ತಟ್ಟೆ, ಬೇರೆ ಇಕ್ಕಳ ಇಡುತ್ತಿದ್ದರು. "ಇದನ್ನು ಯಾರೂ ಮುಟ್ಟಬಾರದು" ಎಂದು ಮೊಮ್ಮಕ್ಕಳಿಗೆ ತಾಕೀತು ಬೇರೆ. ತಮ್ಮನ ಕಡೆ ಒಲೆ ಒಂದೇ, ಅಡುಗೆಯವನೂ ಒಬ್ಬನೇ, ಕೇಳದೆ ತಿನ್ನುವಂತಿಲ್ಲ. ಅದಕ್ಕೇ ಈದ್ ಬಂದರೆ ಅವನೂ ಗೆಳೆಯರೂ ರಾತ್ರಿಯಿಡೀ ಎಚ್ಚರವಿದ್ದು ತಾವೇ ಹಲಾಲ್ ಬ್ರಿಸ್ಕೆಟ್ ಬೇಯಿಸುತ್ತಾರೆ. ವಾಸನೆ ಹಿಡಿದು ನೆರೆಯವರೂ ಬರುತ್ತಾರಂತೆ.

ಆದರೆ ಆ ದಕ್ಷಿಣದ ಒಲೆಗೆ ಕಹಿ ಚರಿತ್ರೆಯೂ ಇದೆ. ಗುಲಾಮಗಿರಿಯ ಕಾಲದಲ್ಲಿ ರಾತ್ರಿಯಿಡೀ ಬೆಂಕಿ ಕಾದವರಲ್ಲಿ ಹೆಚ್ಚಿನವರು ಕಪ್ಪು ಜನರು. ಆ ಕೈಗುಣ ಬೆಳೆದದ್ದೂ ಅವರಿಂದ. ನಾನಿದ್ದ ಊರಿನ ಹೆಸರನ್ನೇ ಹೊತ್ತ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ 'ಆಲೀಸ್ ಬಾರ್ಬೆಕ್ಯೂ' ಎಂಬ ಹೋಟೆಲಿತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಕಪ್ಪು ಜನರೇ. ಆದರೆ ಕಪ್ಪು ಗಿರಾಕಿ ಅಲ್ಲಿ ಕುಳಿತು ತಿನ್ನುವಂತಿರಲಿಲ್ಲ, ಕಟ್ಟಿಸಿಕೊಂಡು ಹೋಗಬೇಕಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಮಾಲೀಕರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು.

ಇದನ್ನು ಹೇಳಿದಾಗ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ರುಚಿಯ ವಿಷಯದಲ್ಲಿ ಅವನೇ ಗೆಲ್ಲಲಿ, ನನಗೆ ಬೇಸರವಿಲ್ಲ. ಆದರೆ ಬೇಯಿಸಿದ ಕೈಗೆ ಉಣ್ಣುವ ಮೇಜಿನಲ್ಲಿ ಜಾಗವಿಲ್ಲದಿದ್ದರೆ ಆ ರುಚಿಗೆ ಏನು ಬೆಲೆ? ಅಜ್ಜಿಯ ಅವಸರದ ಬೆಂಕಿಯಲ್ಲಿ ಕೋಳಿ ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಆದರೂ ಅವರು ಕರೆದಾಗಲೆಲ್ಲ ನಾವು ಹೋಗುತ್ತಿದ್ದೆವು.