ಪೀಣ್ಯದ ಉಕ್ಕು, ಮೈಯೊಳಗಿನ ಮೂಳೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳಲ್ಲಿ ಮೈಕ್ರಾನ್ ಲೆಕ್ಕದ ನಿಖರತೆಯಿಂದ ಸಿದ್ಧವಾಗುವ ಉಕ್ಕಿನ ಶಾಫ್ಟ್ ಎಷ್ಟೇ ಗಟ್ಟಿಯಾಗಿದ್ದರೂ, ಪದೇ ಪದೇ ಬೀಳುವ ಭಾರದಿಂದ ಅದರಲ್ಲಿ ಹುಟ್ಟಿದ ಕೂದಲೆಳೆಯಷ್ಟು ಬಿರುಕು ತಾನಾಗಿ ಕೂಡಿಕೊಳ್ಳುವುದಿಲ್ಲ. ಅದು ಬೆಳೆಯುತ್ತ ಹೋಗಿ ಒಂದು ದಿನ ಶಾಫ್ಟನ್ನೇ ಮುರಿಯುತ್ತದೆ. ಮೂಳೆಯ ಬಗೆಯೇ ಬೇರೆ. ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ಎಳೆತವನ್ನು ತಾಳಿಕೊಂಡರೆ, ಅದರ ನಡುವೆ ಕೂತ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ಒತ್ತಡವನ್ನು ಹೊರುತ್ತವೆ. ಬಿರುಕು ಬಿಟ್ಟಲ್ಲಿ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯದನ್ನು ಕರಗಿಸಿ ತೆಗೆಯುತ್ತವೆ, ಅವುಗಳ ಬೆನ್ನಿಗೇ ಬರುವ ಆಸ್ಟಿಯೋಬ್ಲಾಸ್ಟ್‌ಗಳು ಹೊಸ ಮೂಳೆಯನ್ನು ಕಟ್ಟುತ್ತವೆ, ಮತ್ತು ಈ ದುರಸ್ತಿ ನಡೆಯುತ್ತಿರುವಾಗಲೂ ಮನುಷ್ಯ ಓಡಾಡಿಕೊಂಡೇ ಇರುತ್ತಾನೆ. ಇಂಥ ಯಂತ್ರಭಾಗವನ್ನು ಯಾವ ಕಾರ್ಖಾನೆಯೂ ಇನ್ನೂ ತಯಾರಿಸಿಲ್ಲ.

ಇನ್ನು ಬಿಗಿತದಲ್ಲಿ, ಅಂದರೆ ಭಾರಕ್ಕೆ ಬಾಗದೆ ನಿಲ್ಲುವ ಗುಣದಲ್ಲಿ, ಗಟ್ಟಿ ಮೂಳೆಯ ಅಳತೆ ಸುಮಾರು 20 ಗಿಗಾಪಾಸ್ಕಲ್, ಕೃತಕ ಕೀಲುಗಳಿಗೆ ಬಳಸುವ ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110. ಮೈಯೊಳಗೆ ಕೂರಿಸಿದ ಇಂಥ ಹೆಚ್ಚು ಬಿಗಿಯಾದ ಲೋಹವೇ ಭಾರವನ್ನೆಲ್ಲ ಹೊತ್ತುಕೊಂಡರೆ, ಕೆಲಸ ತಪ್ಪಿದ ಪಕ್ಕದ ಮೂಳೆ ತೆಳುವಾಗುತ್ತದೆ. ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂಬ ನಿಯಮವನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿಯೇ ಮಂಡಿಸಿದ್ದರು. ಆದ್ದರಿಂದ ಬೆಂಗಳೂರಿನದೇ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ದಿನವಿಡೀ ಕುರ್ಚಿ ಬಿಡದೆ ದುಡಿಯುವವರು ದಿನಕ್ಕಿಷ್ಟು ಹೊತ್ತು ನಡೆದು, ಮೆಟ್ಟಿಲು ಹತ್ತಿ, ತಮ್ಮ ಮೂಳೆಗಳಿಗೆ ಕೆಲಸ ಕೊಡಬೇಕು.