ಐದು ವರ್ಷದ ಸ್ವಂತ ಮನೆ

ನಮ್ಮ ಕಡೆ ಮನೆ ಕಟ್ಟುವವರು ಮೊಮ್ಮಕ್ಕಳ ಲೆಕ್ಕ ಹಿಡಿದು ಕಟ್ಟುತ್ತಾರೆ. ಐದು ವರ್ಷ ಇದ್ದು ಮಾರಿ ಬರಲಿಕ್ಕೆ ಮನೆ ಕೊಳ್ಳುತ್ತೇವೆ ಅಂದರೆ ಊರಲ್ಲಿ ನಗುತ್ತಾರೆ. ನಾವು ಹೇಳಿದಾಗಲೂ ನಕ್ಕರು. "ಐದು ವರ್ಷಕ್ಕ ಯಾರರ ಮನೀ ತಗೋತಾರೇನವಾ? ಬಾಡಗಿ ಹಿಡೀರಿ" ಅಂದರು.

ಲೆಕ್ಕದ ಪ್ರಕಾರ ಅವರ ಮಾತೇ ಸರಿ. ಆದರೂ ನಾನು, ನಮ್ಮಕ್ಕ ಸೇರಿ 2019ರ ಜುಲೈನಲ್ಲಿ ಧಾರವಾಡದಲ್ಲಿ ಒಂದು ಬೆಡ್‌ರೂಮಿನ ಹಳೆಯ ಫ್ಲ್ಯಾಟ್ ಕೊಂಡೆವು. 2024ರ ಜುಲೈ ಮೊದಲ ವಾರ ಮಾರಿದೆವು. ಯಾಕೆ ಕೊಂಡೆವು, ಎಷ್ಟು ಹೋಯಿತು, ಎಷ್ಟು ಬಂತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ. ಮಕ್ಕಳ ಓದಿಗೆ, ಆಸ್ಪತ್ರೆಗೆ, ನೌಕರಿಗೆ ಅಂತ ನಾಲ್ಕೈದು ವರ್ಷ ಪಟ್ಟಣ ಸೇರಬೇಕಾದವರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದೀರಿ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಪ್ಪ ಇಲ್ಲ. ಅವ್ವ ಎರಡು ಎಕರೆಯಲ್ಲಿ ಮೆಣಸಿನಕಾಯಿ, ಗೋವಿನಜೋಳ ಬೆಳೆಯುತ್ತಾಳೆ. ಅಕ್ಕ ಧಾರವಾಡದ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಅಲ್ಲೇ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಪಿಯುಸಿ ಎರಡು ವರ್ಷ, ಡಿಗ್ರಿ ಮೂರು ವರ್ಷ, ಒಟ್ಟು ಐದು. ಅಲ್ಲಿಯವರೆಗೆ ಅಕ್ಕ ಒಂದು ಪಿಜಿಯಲ್ಲಿ, ನಾನು ಇನ್ನೊಂದರಲ್ಲಿ ಇದ್ದೆವು. ಮೂವರೂ ಒಂದೇ ಕಡೆ ಇದ್ದರೆ ಖರ್ಚೂ ಕಡಿಮೆ, ಅವ್ವನಿಗೂ ಸಮಾಧಾನ.

ಮೊದಲು ಹುಡುಕಿದ್ದು ಬಾಡಿಗೆ ಮನೆಯನ್ನೇ. ನಮ್ಮ ಕೈಗೆ ನಿಲುಕುವಂಥವು 6,500 ರೂಪಾಯಿಗೆ ಇದ್ದವು. ಒಂದು ತಿಂಗಳಲ್ಲಿ ಹನ್ನೊಂದು ಮನೆ ನೋಡಿದೆವು. ನೀರು ಯಾವಾಗ ಬರುತ್ತದೆ, ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವ ಮಾತೆಲ್ಲ ಮುಗಿದ ಮೇಲೆ ಕೊನೆಗೆ ಒಂದು ಪ್ರಶ್ನೆ ಬರುತ್ತಿತ್ತು: "ನೀವು ಯಾವ ಮಂದಿ?"

ನಾವು ಎಸ್ಸಿ. ಅಕ್ಕ ಸುಳ್ಳು ಹೇಳುವವಳಲ್ಲ, ನಾನೂ ಹೇಳಲಿಲ್ಲ. "ಮನೆಯವರನ್ನ ಕೇಳಿ ಫೋನ್ ಮಾಡ್ತೀನಿ" ಅಂದವರ ಫೋನ್ ಬರಲಿಲ್ಲ. ಒಬ್ಬರು ಮಾತ್ರ ನೇರ ಹೇಳಿದರು: "ನಮಗೇನೂ ಇಲ್ಲರಿ, ಆದ್ರ ಕೆಳಗಿನವರು ಒಪ್ಪೂದಿಲ್ಲ." ಎರಡು ಕಡೆ ಮಾಂಸ ಮಾಡಬಾರದು ಅನ್ನುವ ಷರತ್ತು ಮುಂದಿಟ್ಟರು. ನಾವು ಅದಕ್ಕೂ ಹೂಂ ಅಂದೆವು. ಆಮೇಲೆ ಹೆಸರಿನ ಮುಂದಿನ ಅಡ್ಡಹೆಸರು ಕೇಳಿದರು.

ಮನೆ ಕೊಳ್ಳುವ ಮಾತು ಹೊರಟಿದ್ದು ಅಲ್ಲಿಂದ. ಅಕ್ಕನೇ ಅಂದಳು: "ಮಾರೂವರು ರೊಕ್ಕ ಕೇಳ್ತಾರ, ಜಾತಿ ಕೇಳೂದಿಲ್ಲ." ಇದೂ ಪೂರ್ತಿ ನಿಜವಲ್ಲ. ಆದರೂ ಬಾಡಿಗೆಗಿಂತ ಎಷ್ಟೋ ವಾಸಿ.

ರೊಕ್ಕ ಎಲ್ಲಿಂದ ಅನ್ನುವುದು ಮುಂದಿನ ಪ್ರಶ್ನೆ. ಹೊಲ ಮಾರುವ ಸಲಹೆ ಮೊದಲ ದಿನವೇ ಬಂತು. ನಮ್ಮ ಎರಡು ಎಕರೆ ಸರ್ಕಾರ ಅಜ್ಜನಿಗೆ ಮಂಜೂರು ಮಾಡಿದ ಭೂಮಿ. ಪರಿಶಿಷ್ಟರಿಗೆ ಮಂಜೂರಾದ ಇಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಇರುವುದೇ ಅದಕ್ಕೆ. "ಅಗ್ರಿಮೆಂಟ್ ಮಾಡಿಕೊಡ್ರಿ, ಮುಂದ ನೋಡಿಕೊಳ್ಳೂಣು" ಅಂತ ಅರ್ಧ ಬೆಲೆಗೆ ಕೇಳಿದವರಿದ್ದರು. ಅವ್ವ ಬಾಗಿಲಲ್ಲೇ ಕಳಿಸಿದಳು. "ಐದು ವರ್ಷದ ಮನೀಗೆ ಕಾಯಂ ಹೊಲ ಕೊಡ್ತೇನೇನು?" ಅಂದಳು. ಅಲ್ಪಕಾಲಕ್ಕೆ ಬೇಕಾದ್ದಕ್ಕೆ ಶಾಶ್ವತವಾದದ್ದನ್ನು ಮಾರಬೇಡ ಅನ್ನುವ ಈ ಮಾತನ್ನು ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ.

ಅಕ್ಕನ ಉಳಿತಾಯ 3.5 ಲಕ್ಷ, ನನ್ನದು 1.2 ಲಕ್ಷ, ಅವ್ವನ ಮೆಣಸಿನಕಾಯಿ ರೊಕ್ಕ ಮತ್ತು ಎರಡು ಬಳೆ ಸೇರಿ 2.1 ಲಕ್ಷ. ನಮ್ಮ ಕೈಯಲ್ಲಿದ್ದದ್ದು ಇಷ್ಟೇ.

ಇಷ್ಟರಲ್ಲಿ ಏನು ಬರುತ್ತದೆ ಅಂತ ಹುಡುಕಿದಾಗ ಎರಡು ದಾರಿ ಕಂಡವು. ಊರ ಹೊರಗೆ ಎನ್‌ಎ ಆಗದ ಹೊಲದಲ್ಲಿ ಕಟ್ಟಿದ ಮನೆಗಳು ಅಗ್ಗಕ್ಕಿದ್ದವು. ಅವನ್ನು ಬಾಂಡ್ ಪೇಪರ್ ಮೇಲೆ, ಇಲ್ಲವೇ ಜಿಪಿಎ ಮೇಲೆ ಮಾರುತ್ತಿದ್ದರು. ಜಿಪಿಎ, ಅಗ್ರಿಮೆಂಟ್ ಇವುಗಳಿಂದ ಮನೆಯ ಹಕ್ಕು ವರ್ಗವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಂದಣಿಯಾದ ಖರೀದಿ ಪತ್ರ ಬೇಕೇ ಬೇಕು. ಹೀಗಾಗಿ ಆ ಮನೆಗಳ ಆಸೆ ಬಿಟ್ಟೆವು.

ಇನ್ನೊಂದು ದಾರಿ ಹಳೆಯ ಸಣ್ಣ ಫ್ಲ್ಯಾಟು. ಇಲ್ಲಿ ನಾವು ಹಾಕಿಕೊಂಡ ನಿಯಮ ಒಂದೇ: ನಮಗೆ ಇಷ್ಟವಾಗುತ್ತದೆಯೋ ಇಲ್ಲವೋ ಅನ್ನುವುದು ಆಮೇಲೆ, ಐದು ವರ್ಷದ ನಂತರ ನಮ್ಮಿಂದ ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗುತ್ತದೆಯೇ ಅನ್ನುವುದು ಮೊದಲು. ಸಾಲ ಸಿಗದ ಮನೆಯನ್ನು ಪೂರ್ತಿ ರೊಕ್ಕ ಕೈಯಲ್ಲಿದ್ದವರೇ ಕೊಳ್ಳಬೇಕು. ಅಂಥವರು ಕಡಿಮೆ, ಬೆಲೆಯನ್ನೂ ಇಳಿಸಿ ಕೇಳುತ್ತಾರೆ. ಅಲ್ಪಕಾಲಕ್ಕೆ ಕೊಳ್ಳುವವರು ಮನೆಯನ್ನು ಮುಂದಿನವರ ಕಣ್ಣಿಂದ ನೋಡಬೇಕು.

ಅದಕ್ಕಾಗಿ ನೋಡಿದ ಕಾಗದ ಇವು: ಮೂಲ ಖರೀದಿ ಪತ್ರ, ಋಣಭಾರ ಪ್ರಮಾಣಪತ್ರ ಅಂದರೆ ಇಸಿ, ಪಾಲಿಕೆಯ ಉತಾರ, ತೆರಿಗೆ ರಸೀದಿ, ಮಂಜೂರಾದ ನಕ್ಷೆ, ಜಮೀನಿನ ಎನ್‌ಎ ಆದೇಶ, ಅಪಾರ್ಟ್‌ಮೆಂಟ್ ಸಂಘದ ಬಾಕಿ ಇಲ್ಲ ಪತ್ರ. ಇಸಿಯನ್ನು ಈಗ ಕಾವೇರಿ ಪೋರ್ಟಲ್‌ನಲ್ಲಿ ಫೋನಿನಲ್ಲೇ ತೆಗೆಯಬಹುದು. ಇವತ್ತು ಕೊಳ್ಳುವವರಿಗೆ ಇ-ಖಾತಾ ಕೂಡ ಕಡ್ಡಾಯ, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಮುಂಗಡವನ್ನು ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಕೊಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ.

ಸಿಕ್ಕ ಫ್ಲ್ಯಾಟಿನ ಬೆಲೆ 16 ಲಕ್ಷ. ಮೊದಲ ಮಹಡಿ, ಲಿಫ್ಟ್ ಇಲ್ಲ, ಅಡಿಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಆದರೆ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದೇ ಹೋಗಬಹುದಿತ್ತು. ಹುಬ್ಬಳ್ಳಿ–ಧಾರವಾಡದ ನಡುವೆ ಆ ಬಸ್ಸು 2018ರಲ್ಲಿ ಶುರುವಾಗಿತ್ತು. ನೈಟ್ ಡ್ಯೂಟಿ ಮಾಡುವ ಅಕ್ಕನಿಗೆ ಅದೇ ದೊಡ್ಡದು.

ಈಗ ಲೆಕ್ಕ. ನಿಧಾನಕ್ಕೆ ಓದಿ.

ಬ್ಯಾಂಕ್ ಕೊಟ್ಟದ್ದು 11 ಲಕ್ಷ, ನಾವು ಹಾಕಿದ್ದು 5 ಲಕ್ಷ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು, ಮತ್ತೆ ನೋಂದಣಿ ಶುಲ್ಕ 1%, ಒಟ್ಟು 6.6%. ಅಂದರೆ 1,05,600 ರೂಪಾಯಿ. ಈ ದುಡ್ಡು ಪೂರ್ತಿ ನಮ್ಮ ಜೇಬಿನದು, ಮಾರುವಾಗ ಇದರಲ್ಲಿ ಒಂದು ಪೈಸೆಯೂ ಹಿಂದೆ ಬರುವುದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿದೆ. ಇದೇ ಮನೆಗೆ ಈಗಿನ ದರ ಹಾಕಿದರೆ 1,21,600 ಆಗುತ್ತದೆ. ಕಡಿಮೆ ಬೆಲೆಯ ಹೊಸ ಫ್ಲ್ಯಾಟುಗಳಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ, ನೋಂದಣಿ ಕಚೇರಿಯಲ್ಲಿ ಕೇಳಿ ತಿಳಿಯಿರಿ.

ಸಾಲದ ಕಂತಿನ ವಿಷಯ ಬಹಳ ಮಂದಿಗೆ ಗೊತ್ತಿರುವುದಿಲ್ಲ. ನಮ್ಮ ಬಡ್ಡಿ ನಡುವೆ ಇಳಿದು ಏರಿತು, ಸುಲಭವಾಗಲಿ ಅಂತ 9% ಹಿಡಿಯುತ್ತೇನೆ. 20 ವರ್ಷದ ಸಾಲಕ್ಕೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 900 ರೂಪಾಯಿ. ಐದು ವರ್ಷಕ್ಕೆ 54,000 ಕಟ್ಟುತ್ತೀರಿ. ಅದರಲ್ಲಿ ಅಸಲಿಗೆ ಹೋಗುವುದು ಸುಮಾರು 11,300 ಮಾತ್ರ, ಉಳಿದ 42,700 ಬಡ್ಡಿ. ಅಂದರೆ ಐದು ವರ್ಷ ಕಟ್ಟಿದ ಮೇಲೂ ಒಂದು ಲಕ್ಷದ ಸಾಲ 88,700ರಲ್ಲಿ ನಿಂತಿರುತ್ತದೆ. "ಬಾಡಿಗೆ ಕೊಟ್ಟರೆ ದುಡ್ಡು ಹೋಯ್ತು, ಕಂತು ಕಟ್ಟಿದರೆ ಮನೆ ಆಯ್ತು" ಅಂತ ಹೇಳುವವರು ಇದನ್ನು ಹೇಳುವುದಿಲ್ಲ. ಮೊದಲ ವರ್ಷಗಳ ಕಂತು ಹೆಚ್ಚುಕಡಿಮೆ ಬ್ಯಾಂಕಿಗೆ ಕೊಡುವ ಬಾಡಿಗೆಯೇ.

ನಮ್ಮ 11 ಲಕ್ಷಕ್ಕೆ ಐದು ವರ್ಷದ ಬಡ್ಡಿ 4.70 ಲಕ್ಷ. ನೋಂದಣಿ 1.06 ಲಕ್ಷ. ಕೊಳ್ಳುವಾಗ, ಮಾರುವಾಗ ಏಜೆಂಟರಿಗೆ ಸೇರಿ 36,000. ಬಾತ್‌ರೂಮ್ ಸೋರಿಕೆ, ವೈರಿಂಗ್ ರಿಪೇರಿಗೆ 60,000. ತೆರಿಗೆ, ಸಂಘದ ಚಂದಾ 30,000. ಒಟ್ಟು ಸುಮಾರು 7 ಲಕ್ಷ. ಮನೆ ಮಾರಿದ್ದು 19.5 ಲಕ್ಷಕ್ಕೆ, ಅಂದರೆ ಬೆಲೆಯಲ್ಲಿ ಬಂದದ್ದು 3.5 ಲಕ್ಷ. ಕಳೆದರೆ ಹೋದದ್ದು 3.5 ಲಕ್ಷ. ನಾವು ಹಾಕಿದ ಸುಮಾರು 6.8 ಲಕ್ಷ ಬ್ಯಾಂಕಿನಲ್ಲಿ 6% ಠೇವಣಿಯಾಗಿ ಇದ್ದಿದ್ದರೆ 2 ಲಕ್ಷದಷ್ಟು ಬಡ್ಡಿ ಬರುತ್ತಿತ್ತು. ಅದನ್ನೂ ಸೇರಿಸಿದರೆ ಐದು ವರ್ಷ ಆ ಮನೆಯಲ್ಲಿ ಇದ್ದದ್ದಕ್ಕೆ ನಮಗೆ ಬಿದ್ದದ್ದು ಸುಮಾರು 5.55 ಲಕ್ಷ.

6,500ರ ಬಾಡಿಗೆ ವರ್ಷಕ್ಕೆ 5% ಏರಿದ್ದರೂ ಐದು ವರ್ಷಕ್ಕೆ 4.3 ಲಕ್ಷ ಆಗುತ್ತಿತ್ತು. ಡೆಪಾಸಿಟ್ ಹಿಂದೆ ಬರುತ್ತದೆ, ಹಾಗಾಗಿ ಸೇರಿಸಿಲ್ಲ. ಬಾಡಿಗೆಗಿಂತ ನಮಗೆ ಹೆಚ್ಚು ಬಿದ್ದದ್ದು ಸುಮಾರು 1.25 ಲಕ್ಷ. ತಿಂಗಳಿಗೆ 2,000ಕ್ಕೆ ಸ್ವಲ್ಪ ಮೇಲೆ.

ಯಾವ ಮಂದಿ ಅಂತ ಕೇಳಿಸಿಕೊಳ್ಳದೆ ಇರುವುದಕ್ಕೆ ನಾವು ತಿಂಗಳಿಗೆ ಕೊಟ್ಟ ಬೆಲೆ ಅದು. ಕೇಳದೇ ಬಾಡಿಗೆ ಸಿಗುವ ಜಾತಿಯವರಿಗೆ ಈ ಖರ್ಚು ಇಲ್ಲ. ಬ್ಯಾಂಕಿನ ಯಾವ ಫಾರ್ಮಿನಲ್ಲೂ ಇದಕ್ಕೆ ಕಾಲಂ ಇಲ್ಲ.

ಆ ಅಪಾರ್ಟ್‌ಮೆಂಟಿನಲ್ಲೂ ಕೇಳಿದವರು ಇದ್ದರು. ಹೋದ ಎರಡನೇ ವಾರಕ್ಕೇ ಮೇಲಿನ ಮನೆಯವರಿಗೆ ಗೊತ್ತಾಯಿತು. ಸ್ವಲ್ಪ ದಿನ ಅವರ ಮನೆಯ ಮಕ್ಕಳು ನಮ್ಮ ಮನೆಗೆ ಬರಲಿಲ್ಲ. ಆದರೆ ಖಾಲಿ ಮಾಡಿ ಅನ್ನಲು ಯಾರ ಕೈಲೂ ಆಗಲಿಲ್ಲ, ಯಾಕೆಂದರೆ ಖರೀದಿ ಪತ್ರದಲ್ಲಿ ನಮ್ಮಿಬ್ಬರ ಹೆಸರಿತ್ತು. 2020ರ ಲಾಕ್‌ಡೌನಿನಲ್ಲಿ ಅಕ್ಕ ಕೊರೊನಾ ವಾರ್ಡಿನ ಡ್ಯೂಟಿ ಮುಗಿಸಿ ಬರುತ್ತಿದ್ದಳು. ಅವಳ ಜೊತೆಯವರಲ್ಲಿ ಇಬ್ಬರಿಗೆ ಬಾಡಿಗೆ ಮನೆಯವರು ಬರಬೇಡಿ ಅಂದಿದ್ದರು. ಅಕ್ಕ ತನ್ನ ಬೀಗ ತೆಗೆದು ತನ್ನ ಮನೆಗೆ ಬಂದಳು. ಆಮೇಲೆ ಮೇಲಿನ ಮನೆಯ ಅಜ್ಜನಿಗೆ ಜ್ವರ ಬಂದಾಗ ಅವರು ಮೊದಲು ಬಡಿದದ್ದು ನಮ್ಮ ಬಾಗಿಲನ್ನೇ.

ಮಾರುವಾಗ ನಾಲ್ಕು ತಿಂಗಳು ಹಿಡಿಯಿತು. ಕಾಗದ ಸರಿ ಇದ್ದದ್ದರಿಂದ ಕೊಂಡವರಿಗೆ ಸಾಲ ಸಿಕ್ಕಿತು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ವೈಯಕ್ತಿಕ ಸಾಲಗಾರರಿಂದ ದಂಡ ತೆಗೆದುಕೊಳ್ಳುವಂತಿಲ್ಲ. ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಕಾಗದ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಕೇಳಿ ಪಡೆಯಿರಿ.

ತೆರಿಗೆಯ ಮಾತೂ ಇರಲಿ. ಕೊಂಡ 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರುತ್ತದೆ. ನಂತರ ಮಾರಿದರೆ ದೀರ್ಘಾವಧಿ ಲಾಭ. ನಾವು ಮಾರಿದಾಗ ಹಣದುಬ್ಬರದ ಲೆಕ್ಕ ಹಾಕಿದರೆ ನಮ್ಮ 16 ಲಕ್ಷ 20 ಲಕ್ಷ ದಾಟುತ್ತಿತ್ತು, ಹಾಗಾಗಿ ತೆರಿಗೆ ಬೀಳಲಿಲ್ಲ. 2024ರ ಜುಲೈ 23ರಿಂದ ಈಚೆ ಕೊಂಡ ಮನೆಗೆ ಆ ಅನುಕೂಲ ಇಲ್ಲ, ಲಾಭದ ಮೇಲೆ 12.5%. ಸಾಲದ ಅಸಲಿಗೆ 80ಸಿ ವಿನಾಯಿತಿ ಪಡೆದಿದ್ದರೆ ಮನೆ ಕೈಗೆ ಬಂದ ಆರ್ಥಿಕ ವರ್ಷ ಮುಗಿದು ಐದು ವರ್ಷ ಆಗುವ ಮುಂಚೆ ಮಾರಬೇಡಿ, ಆ ವಿನಾಯಿತಿ ವಾಪಸ್ ಹೋಗುತ್ತದೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಈಗಿನ ಹಂತದಲ್ಲಿ ಬಡ್ಡಿ ಸಹಾಯಧನ 1.80 ಲಕ್ಷದವರೆಗೆ ಇದೆ. ಅದು ಐದು ವಾರ್ಷಿಕ ಕಂತಿನಲ್ಲಿ ಬರುತ್ತದೆ, ಸಾಲ ನಡೆಯುತ್ತಿರಬೇಕು. ಕುಟುಂಬಕ್ಕೆ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಊರ ಮನೆ ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.

ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಮೂರು ವರ್ಷದೊಳಗಿನ ವಾಸಕ್ಕೆ ಮನೆ ಕೊಳ್ಳಬೇಡಿ, ನೋಂದಣಿ ಖರ್ಚೇ ನಿಮ್ಮನ್ನು ತಿನ್ನುತ್ತದೆ. ಭೋಗ್ಯಕ್ಕೆ ಹಾಕಿಕೊಳ್ಳುವುದಾದರೆ ಆ ಮನೆಯ ಮೇಲೆ ಸಾಲ ಇದೆಯೇ ಅಂತ ಇಸಿ ನೋಡಿ, ಪತ್ರ ನೋಂದಣಿ ಮಾಡಿಸಿ. ಮರ್ಯಾದೆಯ ಬಾಡಿಗೆ ಮನೆ ಸಿಕ್ಕರೆ ಐದು ವರ್ಷಕ್ಕೂ ಅದೇ ಅಗ್ಗ. ಸಿಗದಿದ್ದರೆ ಸಣ್ಣದನ್ನು, ಕಾಗದ ಪಕ್ಕಾ ಇರುವುದನ್ನು, ಬಸ್ಸಿಗೆ ಹತ್ತಿರದ್ದನ್ನು ಕೊಳ್ಳಿ. ಹೊಲಕ್ಕೆ ಕೈ ಹಚ್ಚಬೇಡಿ.

ಸಾಲ ತೀರಿ ನಮ್ಮ ಕೈಗೆ ಬಂದದ್ದು ಸುಮಾರು 9.5 ಲಕ್ಷ. ಅವ್ವನ ಬಳೆ ಮಾಡಿಸಿದೆವು, ಊರ ಮನೆಯ ತಗಡು ತೆಗೆದು ಸ್ಲ್ಯಾಬ್ ಹಾಕಿಸಿದೆವು. ಉಳಿದದ್ದರಲ್ಲಿ ಅಕ್ಕನ ಪಾಲು ಠೇವಣಿಯಲ್ಲಿದೆ. ತಮ್ಮ ಬಿ.ಎಡ್. ಓದಲು ಬೇರೆ ಊರಿಗೆ ಹೋದ. ಮೊದಲ ವಾರವೇ ಫೋನ್ ಮಾಡಿ, ನೋಡಿದ ಮೂರು ರೂಮಿನಲ್ಲಿ ಎರಡು ಕಡೆ ಅದೇ ಪ್ರಶ್ನೆ ಬಂತು ಅಂದ. ಮೂರನೆಯವರು ಏನೂ ಕೇಳದೆ ಕೀಲಿ ಕೊಟ್ಟರಂತೆ, ಬಾಡಿಗೆ 500 ಹೆಚ್ಚು. ಹಿಡಿ ಅಂದೆ.